ಪಾಲು

ಮೊದಲ ದಿನ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ
"ಪಾಲ್ ವೇಣುಮಾ?" ಅಂದಳು ತವಮಣಿ.
ನನ್ನ ಕಿವಿಗೆ ಬಿದ್ದದ್ದು: ಪಾಲು ಬೇಕೆ?
ಯಾವುದರ ಪಾಲು, ಯಾರ ಸೊತ್ತು?
ಕಳವಿನ ಪಾಲು ತಿಂದವನೆಂದು
ಮೂರು ವರ್ಷ ಬರೆಸಿಕೊಂಡವನಿಗೆ
ಆ ಶಬ್ದ ಕೇಳಿದರೇ ಬೆವರು.
ಬೇಡ ಬೇಡ ಎಂದೆ ಕೈಯಾಡಿಸಿ,
ಹಾಗಾಗಿ ವಾರವಿಡೀ ಕರಿ ಚಹಾ ಕುಡಿದೆ.

ರಂಸ್ ಎಂಬ ಊರು. ಈಚೆ ಬೋಳು ಬೆಟ್ಟ,
ಆಚೆ ಕಾಂಡ್ಲಾ ಬೆಳೆದ ಹಿನ್ನೀರು,
ನಡುವೆ ಕುಞಮ್ಮದಾಕನ ಲಾಂಡ್ರಿ.
ಬಿಳಿ ಕಂದೂರಗಳಿಗೆ ಗಂಜಿ ಹಾಕಿ
ಇಸ್ತ್ರಿ ಒತ್ತುವ ನನಗಿಲ್ಲಿ ಮುರಳಿ ಅನ್ನುತ್ತಾರೆ.
ಮುಸಫ್ಫಾದಿಂದ ಮೀನಿನ ಪಿಕಪ್ಪಿನಲ್ಲಿ
ಖಾಲಿ ಥರ್ಮೊಕೋಲ್ ಪೆಟ್ಟಿಗೆಗಳ ನಡುವೆ ಮುದುರಿ
ಬರುವಾಗ ದಾರಿಯಲ್ಲಿ ಇಟ್ಟುಕೊಂಡದ್ದು.
ಇನ್ನೂ ಆ ಹೆಸರಿಗೆ ಮೀನಿನ ವಾಸನೆ.

ಏಳು ಡ್ರಮ್ಮು ತಾಮ್ರದ ಕೇಬಲ್ಲು, ಗೋದಾಮಿನಿಂದ ಮಾಯ.
ಗೇಟ್ ಪಾಸಿನಲ್ಲಿ ನನ್ನ ಕನ್ನಡದ ಸಹಿ.
ಸಹಿ ಕದ್ದವನು ಚೆನ್ನಾಗಿಯೇ ಕದ್ದಿದ್ದ,
ಕೊಂಬಿಗೆ ದೀರ್ಘ ಎಳೆಯುವುದೊಂದು ಮರೆತಿದ್ದ.
ನೋಡಿ, ಇದು ಪು, ನಾನು ಪೂ, ಎಂದೆ.
ದುಭಾಷಿ ಕಾಗದವನ್ನು ತಲೆಕೆಳಗೆ ಹಿಡಿದು ನೋಡಿದ.
ನ್ಯಾಯಾಧೀಶರು ಗಡಿಯಾರ ನೋಡಿದರು.
"ಬೂವಬ್ಬ!" ಎಂದು ಕೂಗಿದ ಗುಮಾಸ್ತ.
ಅವರ ಅಕ್ಷರಮಾಲೆಯಲ್ಲಿ ಪ ಇಲ್ಲ,
ಅದು ಅವರ ತಪ್ಪಲ್ಲ.
ಶಾಲೆಗೆ ಸೇರಿಸುವಾಗ ನಮ್ಮ ಮಾಷ್ಟ್ರೂ
ಹೂವಪ್ಪ ಅಂತ ತಿದ್ದಲು ಹೊರಟಿದ್ದರು.
ಅಜ್ಜಿ ಬಿಡಲಿಲ್ಲ.

ಎಂಟನೆಯ ದಿನ ಬೆರೆಸಿಯೇ ತಂದು
ಲೋಟದೊಳಗೆ ಬೆರಳು ತೋರಿಸಿದಳು: "ಪಾಲ್."
ಓ, ಹಾಲು!
ನಕ್ಕೆ. ನಕ್ಕು ಎಷ್ಟು ತಿಂಗಳಾಗಿತ್ತೋ.
ಅಂದಿನಿಂದ ಇಸ್ತ್ರಿಯ ಹಬೆಯಲ್ಲಿ ಪಂದ್ಯ:
ಅವಳು ಪಲ್, ನಾನು ಹಲ್ಲು,
ಅವಳು ಪಗಲ್, ನಾನು ಹಗಲು.
ಅವಳಿಗೆ ತುಟಿ ಸೇರುವಲ್ಲೆಲ್ಲ
ನನಗೆ ಬರಿಯ ಉಸಿರು.
ಒಂದೇ ಮಾತು, ಯಾವ ಕಾಲದಲ್ಲೋ ಮನೆ ಬಿಟ್ಟು ಓಡಿ
ವೇಷ ಬದಲಿಸಿಕೊಂಡು ಬದುಕಿದೆ.

ಶುಕ್ರವಾರ ಮಧ್ಯಾಹ್ನ. ಅವಳು ದುಡಿಯುವ ಮನೆಯವರೆಲ್ಲ
ಏಸಿ ಹಾಕಿ ಮಲಗಿದ ಹೊತ್ತು.
ಇಳಿತದ ಕೆಸರು, ಕಾಂಡ್ಲಾ ಬೇರು, ಒಂದು ಏಡಿ.
ಹೇಳಿಬಿಟ್ಟೆ.
"ಪೂವಪ್ಪ" ಎಂದಳು. ಮತ್ತೊಮ್ಮೆ, "ಪೂವಪ್ಪಾ."
ದೀರ್ಘ ಬಿಡಲಿಲ್ಲ.
ನಿಜವೋ ಸುಳ್ಳೋ ಎಂದು ಕೇಳಲೂ ಇಲ್ಲ.
ಮಟ್ಟಕ್ಕಳಪ್ಪಿನಲ್ಲಿ ಒಂದು ಬೆಳಗ್ಗೆ
ಶಾಲೆಯ ಅಂಗಳದಲ್ಲಿ ಕೂರಿಸಿ ಪಟ್ಟಿ ಓದಿದರಂತೆ.
ಯಾರದೋ ಹೆಸರನ್ನು ವಕ್ರವಾಗಿ ಕರೆದರಂತೆ.
ತನ್ನದೇ ಇರಬೇಕೆಂದು
ಅವಳಣ್ಣ ಎದ್ದು ನಿಂತ.
"ತಪ್ಪಾಗಿ ಕರೆದರೆ ಏಳಬೇಡ" ಎಂದಳು
ನನ್ನ ಬೆರಳಿನ ಸುಟ್ಟ ಕಲೆಗೆ ತುಟಿಯೊತ್ತಿ.

ಗುರುವಾರಕ್ಕೊಮ್ಮೆ ಠಾಣೆಯವನ ಸಮವಸ್ತ್ರ ಬರುತ್ತದೆ.
ತೋಳಿನಲ್ಲಿ ಕತ್ತಿಯಂಥ ಗೆರೆ ಬೇಕು ಅವನಿಗೆ.
ಒತ್ತಿ ಒತ್ತಿ ಕೊಡುತ್ತೇನೆ.
ಮೊನ್ನೆ ದುಡ್ಡು ಎಣಿಸುತ್ತ, ಸುಮ್ಮನೆ,
"ಶೂ ಇಸ್ಮಕ್?" ಎಂದ. ಏನು ಹೆಸರು.
ತವಮಣಿ ಬಾಗಿಲಲ್ಲಿ, ಸೊಂಟದ ಮೇಲೆ ಬಟ್ಟೆಯ ಗಂಟು.

ತುಟಿ ಮುಚ್ಚಿದೆ.
ಪ ಫ ಬ ಭ ಮ,
ಮಾಷ್ಟ್ರು ಬೆತ್ತದ ತುದಿಯಲ್ಲಿ ತೋರಿಸಿದ ಒಂದೇ ಸಾಲು.
ಮುಚ್ಚಿದ ಇದೇ ಬಾಯಿಂದ
ಅಜ್ಜಿ ಉಳಿಸಿದ್ದೂ ಹೊರಡಬಹುದು, ಕೋರ್ಟು ಕೂಗಿದ್ದೂ,
ಮೀನಿನ ಗಾಡಿಯದ್ದೂ.

"ಮುರಳಿ."
"ಜೈನ್" ಎಂದ, ಎರಡು ದಿರ್ಹಮ್ ಹೆಚ್ಚಿಗೆ ಇಟ್ಟು ಹೋದ.

ಗಂಟು ಇಳಿಸಿ ಫ್ಲಾಸ್ಕು ತೆಗೆದಳು.
ಕೈ ನಡುಗಿ ಮುಚ್ಚಳ ತಿರುಗಲೊಲ್ಲದು.
ನಾನು ತಿರುಗಿಸಿದೆ.
ಇದ್ದದ್ದು ಒಂದೇ ಲೋಟ.
ಅವಳ ಕಡೆ ಚಾಚಿ ಮೊದಲ ಸಲ ನಾನೇ
"ಪಾಲು" ಎಂದೆ,
ನನ್ನ ಮಾತಿನಲ್ಲೋ ಅವಳದರಲ್ಲೋ, ಗೊತ್ತಿಲ್ಲ.